77 ವಾರಗಳ ಲೆಕ್ಕ

ಕರಿಯನನ್ನು ಮನೆಗೆ ತಂದ ದಿನ ಆಶ್ರಯ ಕೇಂದ್ರದವರು ಅವನ ಜೊತೆ ಒಂದು ಚೀಟಿಯನ್ನೂ ಕೊಟ್ಟಿದ್ದರು. ಗಂಡು, ವಯಸ್ಸು ಅಂದಾಜು ಮೂರು ವರ್ಷ, ಲಸಿಕೆ ಹಾಕಿಸಿದೆ, ಸಂತಾನಹರಣ ಚಿಕಿತ್ಸೆ ಆಗಿದೆ. ಅದರ ಕೆಳಗೆ ಬೇರೆ ಯಾರದೋ ಕೈಬರಹದಲ್ಲಿ, ‘ಎರಡು ಮನೆಗಳಿಂದ ವಾಪಸ್ ಬಂದಿದೆ. ಕಚ್ಚುತ್ತೆ. ಲಿಟರ್ ತಟ್ಟೆ ಬಿಟ್ಟು ಕಂಡಕಂಡಲ್ಲಿ ಉಚ್ಚೆ ಹೊಯ್ಯುತ್ತೆ’ ಎಂದಿತ್ತು. ಚೀಟಿ ಬರೆದವರ ಮೇಲೆ ನನ್ನದೇನೂ ದೂರಿಲ್ಲ, ಮುಚ್ಚಿಡದೆ ಹೇಳಿದ್ದು ಒಳ್ಳೆಯದೇ ಆಯಿತು. ಆದರೆ ಓದುವಾಗ ಅದು ಜಾತಕದ ಹಾಗೆ ಕಂಡಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವಲ್ಲ, ಆ ಗಾದೆಯನ್ನೇ ಯಾರೋ ಒಂದು ಬೆಕ್ಕಿನ ಕೊರಳಿಗೆ ಕಟ್ಟಿ ಕಳಿಸಿದಂತಿತ್ತು.

ಮೊದಲ ಮೂರು ವಾರ ಚೀಟಿಯ ಮಾತೆಲ್ಲ ನಿಜವಾಯಿತು. ಹಗಲೆಲ್ಲ ದಿವಾನದ ಕೆಳಗೆ ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿರುತ್ತಿದ್ದ. ಕೈ ಚಾಚಿದರೆ ಬುಸುಗುಟ್ಟಿ ಪರಚುತ್ತಿದ್ದ. ನನ್ನ ಬಲಗೈ ಮೇಲಿನ ಎರಡು ಗೀರು ಇನ್ನೂ ಪೂರ್ತಿ ಮಾಸಿಲ್ಲ. ರಾತ್ರಿ ನಾವೆಲ್ಲ ಮಲಗಿದ ಮೇಲೆ ಹೊರಬಂದು ಅಮ್ಮನ ಚಾಪೆಯ ಮೇಲೋ, ಒಗೆಯಲು ಇಟ್ಟ ಬಟ್ಟೆಯ ಮೇಲೋ, ಬಾಗಿಲ ಬಳಿಯ ಕಾಲೊರಸಿನ ಮೇಲೋ ಉಚ್ಚೆ ಹೊಯ್ದು ಹೋಗುತ್ತಿದ್ದ. ‘ತಟ್ಟೆ ಪಕ್ಕದಲ್ಲೇ ಐತೆ. ಈ ಕೊತ್ತಿ ಬೇಕಂತ್ಲೇ ಮಾಡ್ತದೆ ಕಣೇ’ ಎಂದು ಅಮ್ಮ ಬೆಳಗಾಗೆದ್ದು ಚಾಪೆ ತೊಳೆಯುತ್ತಾ ಹೇಳುತ್ತಿದ್ದರು. ಹಾಸನದ ಕಡೆಯ ಹಳ್ಳಿಯಲ್ಲಿ ಹಿತ್ತಿಲ ತುಂಬ ಕೊತ್ತಿಗಳನ್ನು ಕಂಡು ಬೆಳೆದ ಅವರಿಗೂ ಇಂಥದ್ದು ಹೊಸತು. ಅಲ್ಲಿ ಬೆಕ್ಕಿಗೆ ಮಣ್ಣಿತ್ತು, ಅಟ್ಟವಿತ್ತು, ಮನುಷ್ಯರ ಮುಖ ನೋಡಬೇಡವೆನಿಸಿದರೆ ಹೋಗಲು ಇಡೀ ತೋಟವಿತ್ತು. ಬೆಂಗಳೂರಿನ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಅದ್ಯಾವುದೂ ಇರಲಿಲ್ಲ.

ಮೂರನೆಯ ವಾರದ ಕೊನೆಗೆ ಅವನು ತಟ್ಟೆಯಲ್ಲಿ ತಿಣುಕುತ್ತಾ ಕೂತದ್ದನ್ನು ಕಂಡೆ. ಬಂದದ್ದು ನಾಲ್ಕೇ ಹನಿ, ಅದರಲ್ಲೂ ರಕ್ತದ ಬಣ್ಣ. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಸಂಚಕಾರ. ಇಷ್ಟು ಮಾತ್ರ ಗೊತ್ತಿದ್ದರಿಂದ ಆ ಹೊತ್ತಿಗೇ ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರಲ್ಲಿಗೆ ಓಡಿದೆವು. ಪುಣ್ಯಕ್ಕೆ ಕಟ್ಟಿಕೊಂಡಿರಲಿಲ್ಲ. ಮೂತ್ರ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಕಲ್ಲಿಲ್ಲ, ಸೋಂಕಿಲ್ಲ. ವೈದ್ಯರು ನೋವಿಗೆ ಔಷಧಿ ಕೊಟ್ಟು, ಪೆನ್ನು ಕೆಳಗಿಟ್ಟು, ನಮ್ಮ ಮನೆಯ ಬಗ್ಗೆ ಕೇಳತೊಡಗಿದರು. ‘ತಟ್ಟೆ ಎಲ್ಲಿಟ್ಟಿದ್ದೀರಿ? ಊಟ ಎಷ್ಟು ಹೊತ್ತಿಗೆ ಹಾಕ್ತೀರಿ? ಯಾರು ಹಾಕ್ತಾರೆ? ಅದಕ್ಕೆ ಯಾರ ಕೈಗೂ ಸಿಗದೆ ಕೂರೋ ಜಾಗ ಇದೆಯಾ?’

ಬೆಕ್ಕಿಗೆ ರೋಗ ಬಂದರೆ ಮನೆಯ ಬಗ್ಗೆ ಏಕೆ ಕೇಳಬೇಕು? ಈ ಪ್ರಶ್ನೆಗಳು ಪಶುವೈದ್ಯರ ಬಾಯಿಗೆ ಬರಲು ಎರಡು ಮೂರು ದಶಕಗಳೇ ಹಿಡಿದಿವೆ. ಅದರ ಹಿಂದೆ ಬಿದ್ದು ಓದುತ್ತಾ ಹೋದ ಹಾಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದ ಬೆಕ್ಕಿನ ಕೋಣೆಗೆ ಹೋಗಿ ಮುಟ್ಟಿದೆ.

ಬೆಕ್ಕುಗಳ ಮೂತ್ರದ ತೊಂದರೆಗೆ 1980ರ ದಶಕದಲ್ಲಿ ಎಲ್ಲರೂ ಬೆರಳು ತೋರಿಸುತ್ತಿದ್ದುದು ಆಹಾರದ ಕಡೆಗೆ. ಚೀಲದಲ್ಲಿ ಬರುವ ಒಣ ಆಹಾರದಲ್ಲಿ ಮೆಗ್ನೀಸಿಯಂ ಹೆಚ್ಚಾಗಿ, ಮೂತ್ರ ಕ್ಷಾರಗುಣಕ್ಕೆ ತಿರುಗಿ, ಸ್ಟ್ರುವೈಟ್ ಎಂಬ ಹರಳು ಕಟ್ಟುತ್ತದೆ ಎಂಬುದು ಆಗಿನ ತಿಳಿವಳಿಕೆ. ಅದು ಸುಳ್ಳೇನೂ ಅಲ್ಲ. ಆಹಾರ ತಯಾರಿಸುವವರು ಪಾಕ ಬದಲಿಸಿದರು, ಸ್ಟ್ರುವೈಟ್ ಕಲ್ಲುಗಳು ಇಳಿಮುಖವಾದವು. ಆದರೆ ತಿಣುಕುವ, ರಕ್ತ ಹೊಯ್ಯುವ, ತಟ್ಟೆ ಬಿಟ್ಟು ಹೊರಗೆ ಹೋಗುವ ಬೆಕ್ಕುಗಳು ಆಸ್ಪತ್ರೆಗೆ ಬರುವುದು ನಿಲ್ಲಲಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಲ್ಲೂ ಇರಲಿಲ್ಲ, ಸೋಂಕೂ ಇರಲಿಲ್ಲ.

ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಈ ಒಗಟಿಗೆ ಬಂದದ್ದೂ ಆಹಾರದ ದಾರಿಯಿಂದಲೇ. ಪಶುವೈದ್ಯರಾಗಿದ್ದ ಅವರ ವಿಶೇಷ ಅಧ್ಯಯನ ಪ್ರಾಣಿಗಳ ಪೋಷಣೆಯದು. ಅದೇ ವಿಶ್ವವಿದ್ಯಾಲಯದಲ್ಲಿದ್ದ, ಮೂತ್ರಾಂಗಗಳ ಕಾಯಿಲೆಗಳ ಪಂಡಿತ ಡೆನ್ನಿಸ್ ಚ್ಯೂ ಅವರ ಜೊತೆ ಸೇರಿ ಅವರು ಈ ಬೆಕ್ಕುಗಳ ಮೂತ್ರಚೀಲದೊಳಗೆ ಸಣ್ಣ ದುರ್ಬೀನು ಇಳಿಸಿ ನೋಡಿದರು. ಒಳಗೋಡೆಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಕಂಡವು. ಅಂಥವೇ ಚುಕ್ಕೆಗಳನ್ನು ವೈದ್ಯರು ಅದಕ್ಕೆ ಮೊದಲೇ ಬೇರೆ ಕಡೆ ನೋಡಿದ್ದರು. ಅದು ಮನುಷ್ಯರಲ್ಲಿ, ಹೆಚ್ಚಾಗಿ ಹೆಂಗಸರಲ್ಲಿ ಕಾಣಿಸುವ, ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎಂಬ ನೋವಿನ ಕಾಯಿಲೆಯಲ್ಲಿ. ಈ ಹೋಲಿಕೆ ಓದಿದಾಗ ನನಗೆ ಬೆಕ್ಕಿಗಿಂತ ಮೊದಲು ಆ ಹೆಂಗಸರೇ ನೆನಪಾದರು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ‘ಇದೆಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂದು ಎಷ್ಟೋ ವರ್ಷ ಅವರನ್ನು ಮನೆಗೆ ಕಳಿಸಲಾಗುತ್ತಿತ್ತು. ಬೆಕ್ಕಿಗೆ ಅದೇ ನೋವಿದ್ದಾಗ ಅದಕ್ಕೆ ಸಿಕ್ಕ ಹೆಸರು ಹಠ.

ಮನುಷ್ಯರ ಕಾಯಿಲೆಗೂ ಇದರಿಂದ ದಾರಿ ಸಿಗಬಹುದೆಂದು ಸಂಶೋಧನೆ ಮುಂದುವರಿಯಿತು. ಅದಕ್ಕೆ ಬೆಕ್ಕುಗಳು ಬೇಕಿದ್ದವು. ಬಂದ ಬೆಕ್ಕುಗಳು ಯಾವುವು ಗೊತ್ತೇ? ಸಾಕಿದವರು ಸಹಿಸಿ ಸಹಿಸಿ ಸೋತು, ಇನ್ನು ಚುಚ್ಚುಮದ್ದು ಕೊಡಿಸಿ ಸಾಯಿಸುವುದೊಂದೇ ಉಳಿದದ್ದು ಎಂಬ ಹಂತದಲ್ಲಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಬೆಕ್ಕುಗಳು. ನಮ್ಮ ಕರಿಯನ ಚೀಟಿಯಲ್ಲಿದ್ದ ಮಾತುಗಳೇ ಅವುಗಳ ಚೀಟಿಗಳಲ್ಲೂ ಇದ್ದಿರಬೇಕು.

ಅಲ್ಲಿ ಆದದ್ದು ಯಾರೂ ಯೋಜಿಸದ ಸಂಗತಿ. ಪಂಜರದ ಬೆಕ್ಕುಗಳಿಗೆ ಹಿತವಾಗಲೆಂದು ಅಡಗುವ ಜಾಗ, ಹತ್ತಿ ಕೂರುವ ಹಲಗೆ, ಮೆತ್ತನೆಯ ಹಾಸು, ಆಟಿಕೆ ಎಲ್ಲ ಇಟ್ಟಿದ್ದರು. ದಿನವೂ ಪಂಜರದಿಂದ ಹೊರಗೆ ಬಿಟ್ಟು ಆಡಿಸುತ್ತಿದ್ದರು. ಅವುಗಳ ಆರೈಕೆ ನೋಡಿಕೊಳ್ಳುತ್ತಿದ್ದವರು ಜೂಡಿ ಸ್ಟೆಲ್ಲಾ ಎಂಬ ಸಂಶೋಧನಾ ವಿದ್ಯಾರ್ಥಿನಿ. ಅದೇ ಹೊತ್ತಿಗೆ ಊಟ, ಅದೇ ಜಾಗದಲ್ಲಿ ಬಟ್ಟಲು, ಅದೇ ಜಾಗದಲ್ಲಿ ತಟ್ಟೆ, ಅದೇ ಕೈ. ಹೀಗೆ ಕೆಲವು ಕಾಲ ಕಳೆಯುವಷ್ಟರಲ್ಲಿ, ವಾಸಿಯೇ ಆಗದೆಂದು ಕೈಬಿಟ್ಟ ಬೆಕ್ಕುಗಳ ತುಪ್ಪಳ ಹೊಳೆಯತೊಡಗಿತು, ಕಣ್ಣು ತಿಳಿಯಾದವು, ವಾಂತಿ ಕಡಿಮೆಯಾಯಿತು. ಔಷಧಿ ಹೊಸದೇನೂ ಕೊಟ್ಟಿರಲಿಲ್ಲ. ಇದನ್ನು ಗಮನಿಸಿದ್ದು ದಿನವೂ ಪಂಜರ ತೊಳೆಯುವ ಕೈ. ನೆಲದ ಮೇಲೆ ಇವತ್ತು ಎಷ್ಟು ವಾಂತಿ, ತಟ್ಟೆಯ ಹೊರಗೆ ಎಷ್ಟು ಬಾರಿ ಎಂಬುದು ಒರೆಸುವವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ಕಂಡದ್ದನ್ನು ಲೆಕ್ಕಕ್ಕೆ ಇಳಿಸಿದರು. ಒಟ್ಟು 32 ಬೆಕ್ಕುಗಳು. 20 ಈ ಕಾಯಿಲೆಯವು, 12 ಆರೋಗ್ಯವಾಗಿದ್ದವು. 77 ವಾರ, ಅಂದರೆ ಸುಮಾರು ಒಂದೂವರೆ ವರ್ಷ, ದಿನವೂ ಬರೆದಿಟ್ಟರು: ವಾಂತಿ ಮಾಡಿತೇ, ಊಟ ಬಿಟ್ಟಿತೇ, ಭೇದಿಯಾಯಿತೇ, ತಟ್ಟೆಯ ಹೊರಗೆ ಮಲವೋ ಮೂತ್ರವೋ ಮಾಡಿತೇ. ಜೊತೆಗೆ ಆ ವಾರ ಕೋಣೆಯಲ್ಲಿ ಏನಾಯಿತು ಎಂಬುದನ್ನೂ ಬರೆದರು. ಆರೈಕೆಯವರು ಬದಲಾದರೇ, ಊಟದ ಹೊತ್ತು ತಪ್ಪಿತೇ, ಆಟಕ್ಕೆ ಬಿಡುವುದು ತಪ್ಪಿತೇ. ಫಲಿತಾಂಶ 2011ರಲ್ಲಿ ಅಮೆರಿಕದ ಪಶುವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು.

ಎಲ್ಲ ಎಂದಿನಂತೆ ನಡೆದ ವಾರಗಳಲ್ಲಿ ಇಂಥ ಲಕ್ಷಣಗಳು ಆರೋಗ್ಯದ ಬೆಕ್ಕಿಗೆ ವಾರಕ್ಕೆ ಸರಾಸರಿ 0.4, ಕಾಯಿಲೆಯ ಬೆಕ್ಕಿಗೆ 0.7. ದಿನಚರಿ ತಪ್ಪಿದ ವಾರಗಳಲ್ಲಿ ಕಾಯಿಲೆಯ ಬೆಕ್ಕಿಗೆ 2.0. ಇಷ್ಟನ್ನು ಅವರು ನಿರೀಕ್ಷಿಸಿರಬಹುದು. ಆರೋಗ್ಯದ ಬೆಕ್ಕಿನ ಲೆಕ್ಕ ನೋಡಿ: 1.9. ಎರಡಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವಷ್ಟು ಹತ್ತಿರ. ಯಾವ ಕಾಯಿಲೆಯೂ ಇಲ್ಲದ, ಯಾವ ‘ಕೆಟ್ಟ ಗುಣ’ದ ದಾಖಲೆಯೂ ಇಲ್ಲದ ಬೆಕ್ಕು ಕೂಡ, ಊಟ ಹಾಕುವ ಮುಖ ಬದಲಾದರೆ ವಾಂತಿ ಮಾಡುತ್ತದೆ, ಊಟ ಬಿಡುತ್ತದೆ, ತಟ್ಟೆ ಬಿಡುತ್ತದೆ.

ನನ್ನ ಮಟ್ಟಿಗೆ ಈ ಕತೆಯ ಆವಿಷ್ಕಾರ ಇರುವುದು ಈ 1.9ರಲ್ಲಿ. ರೋಗಿ ಬೆಕ್ಕಿಗೆ ಒತ್ತಡ ಆಗಿಬರುವುದಿಲ್ಲ ಎಂದಷ್ಟೇ ತಿಳಿದಿದ್ದರೆ ಅದು ವೈದ್ಯರ ಪುಸ್ತಕದ ಒಂದು ಸಾಲಾಗಿ ಉಳಿಯುತ್ತಿತ್ತು. ಒಳ್ಳೆಯ ಬೆಕ್ಕು, ಕೆಟ್ಟ ಬೆಕ್ಕು ಎಂದು ನಾವು ಎಳೆಯುವ ಗೆರೆ ಒಂದು ವಾರದ ಗಲಿಬಿಲಿಯಲ್ಲಿ ಅಳಿಸಿಹೋಗುತ್ತದೆ ಎಂದು ತೋರಿಸಿದ್ದರಿಂದ ಅದು ಪ್ರತಿ ಬೆಕ್ಕಿನ ಮನೆಯ ಸುದ್ದಿಯಾಯಿತು. ಆಶ್ರಯ ಕೇಂದ್ರಕ್ಕೆ ಬಂದ ಬೆಕ್ಕಿಗೆ ಏನೇನು ತಪ್ಪಿಹೋಗಿರುತ್ತದೆ ಎಣಿಸಿ. ಮನೆ ತಪ್ಪಿದೆ, ಮುಖ ತಪ್ಪಿದೆ, ವಾಸನೆ ತಪ್ಪಿದೆ, ಊಟದ ಹೊತ್ತು ತಪ್ಪಿದೆ. ಪಕ್ಕದಲ್ಲಿ ನಾಯಿ ಬೊಗಳುತ್ತಿದೆ. ಆ ವಾರ ಅದರ ಚೀಟಿಯಲ್ಲಿ ಬರೆದ ಮಾತು ಆ ಬೆಕ್ಕಿನ ಬಗ್ಗೆ ಹೇಳುವುದು ಬಹಳ ಕಡಿಮೆ.

ನಮ್ಮಲ್ಲಿ ಇದು ಕತೆಯಾಗಿ ಹಿಂದೆಯೇ ಇದೆ. ವಿಜಯನಗರದಲ್ಲಿ ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟು, ಅದಕ್ಕೆ ಹಾಲಿಗೆಂದು ಹಸುವನ್ನೂ ಕೊಟ್ಟು ಸಾಕಲು ಹೇಳಿದ ಕತೆ ಗೊತ್ತಲ್ಲ? ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಟ್ಟ, ಬೆಕ್ಕಿನ ಬಾಯಿ ಸುಟ್ಟಿತು. ಅಂದಿನಿಂದ ಹಾಲಿನ ಬಟ್ಟಲು ಕಂಡರೆ ಅದು ಓಟ. ಆಸ್ಥಾನದಲ್ಲಿ ಎಲ್ಲರೂ ಬೆರಗಾಗಿ ನೋಡಿದ್ದು ಹಾಲು ಕುಡಿಯದ ವಿಚಿತ್ರ ಬೆಕ್ಕನ್ನು. ನಾವು ಮಕ್ಕಳಾಗಿದ್ದಾಗ ಈ ಕತೆ ಕೇಳಿ ರಾಮಕೃಷ್ಣನ ಜಾಣತನಕ್ಕೆ ನಕ್ಕೆವು. ಈಗ ನನಗೆ ಆ ಬೆಕ್ಕಿನ ಸುಟ್ಟ ಬಾಯಿಯೇ ಕಣ್ಣ ಮುಂದೆ ಬರುತ್ತದೆ. ಕರಿಯನ ಮೊದಲ ಎರಡು ಮನೆಗಳಲ್ಲಿ ಯಾವ ಹಾಲು ಎಷ್ಟು ಬಿಸಿಯಿತ್ತೋ ನಮಗೆ ತಿಳಿಯುವ ದಾರಿಯಿಲ್ಲ.

ದೇಹದೊಳಗೆ ಇದು ಹೇಗೆ ನಡೆಯುತ್ತದೆ ಎಂಬುದನ್ನೂ ಒಹಾಯೋದವರು ಹುಡುಕಿದ್ದರು. ಮೂತ್ರಪಿಂಡದ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಯಿದೆ. ಹೆದರಿಕೆಯಾದಾಗ ನರಗಳು ದೇಹವನ್ನು ಓಟಕ್ಕೋ ಕಾಳಗಕ್ಕೋ ಅಣಿಗೊಳಿಸುತ್ತವೆ. ಆ ಗ್ರಂಥಿ ಸುರಿಸುವ ಕಾರ್ಟಿಸಾಲ್, ಸಾಕು, ಇನ್ನು ತಣ್ಣಗಾಗು ಎಂದು ಅದಕ್ಕೆ ಕಡಿವಾಣ ಹಾಕುವ ಕೆಲಸವನ್ನೂ ಮಾಡುತ್ತದೆ. ಈ ಕಾಯಿಲೆಯ ಬೆಕ್ಕುಗಳಲ್ಲಿ ಆ ಗ್ರಂಥಿಯ ಗಾತ್ರವೇ ಚಿಕ್ಕದೆಂದು 2003ರಲ್ಲಿ ಜೋಡಿ ವೆಸ್ಟ್ರಾಪ್, ಬಫಿಂಗ್ಟನ್ ಮತ್ತು ಸಂಗಡಿಗರು ಪ್ರಕಟಿಸಿದರು. ವೇಗ ಹೆಚ್ಚಿಸುವ ಯಂತ್ರ ಜೋರಾಗಿದೆ, ಬ್ರೇಕು ಸಣ್ಣದು. ಇಂಥ ಬೆಕ್ಕಿಗೆ ಬಾಗಿಲ ಕರೆಗಂಟೆಯೂ ಒಂದು ದೊಡ್ಡ ಘಟನೆ, ಆಮೇಲೆ ತಣ್ಣಗಾಗಲು ಬೇರೆ ಬೆಕ್ಕಿಗಿಂತ ಹೆಚ್ಚು ಹೊತ್ತು ಬೇಕು. ತಾಯಿಯ ಹೊಟ್ಟೆಯಲ್ಲಿದ್ದಾಗಲೋ, ಹುಟ್ಟಿದ ಹೊಸತರಲ್ಲೋ ಬಿದ್ದ ಒತ್ತಡ ಇದಕ್ಕೆ ಮೂಲವಿರಬಹುದೆಂಬುದು ಬಫಿಂಗ್ಟನ್ ಅವರ ಊಹೆ. ತೊಂದರೆ ಮೂತ್ರಚೀಲವೊಂದರದೇ ಆಗಿರದೆ ಹೊಟ್ಟೆ, ಚರ್ಮ, ಉಸಿರು, ನಡತೆ ಎಲ್ಲದರಲ್ಲೂ ಕಾಣುವುದರಿಂದ ಅವರು ಅದಕ್ಕೆ ‘ಪಂಡೋರಾ ಸಿಂಡ್ರೋಮ್’ ಎಂಬ ಹೆಸರು ಸೂಚಿಸಿದರು. ಗ್ರೀಕರ ಪುರಾಣದಲ್ಲಿ ಪಂಡೋರಾ ತೆರೆದ ಭರಣಿಯಿಂದ ಲೋಕದ ಕಷ್ಟಗಳೆಲ್ಲ ಹೊರಬಂದವು, ತಳದಲ್ಲಿ ಭರವಸೆಯೊಂದು ಉಳಿಯಿತು. ಆ ಹೆಸರಿನಲ್ಲಿ ಎರಡೂ ಇವೆ.

ಪ್ರಯೋಗಾಲಯದಲ್ಲಿ ಫಲಿಸಿದ್ದು ಮನೆಗಳಲ್ಲಿ ಫಲಿಸೀತೇ ಎಂಬ ಪ್ರಶ್ನೆಗೆ ಉತ್ತರ ಆ ಮೊದಲೇ, 2006ರಲ್ಲಿ ಬಂದಿತ್ತು. ಇದೇ ತೊಂದರೆಯ 46 ಸಾಕುಬೆಕ್ಕುಗಳ ಮನೆಯವರಿಗೆ ಒಬ್ಬೊಬ್ಬರ ಮನೆಗೆ ತಕ್ಕಂತೆ ಸಲಹೆ ಕೊಟ್ಟು, 10 ತಿಂಗಳು ಬೆನ್ನು ಹತ್ತಿ ವಿಚಾರಿಸಿದರು. ತಟ್ಟೆ ಹೆಚ್ಚಿಸಿ, ಸದ್ದಿಲ್ಲದ ಜಾಗದಲ್ಲಿಡಿ, ಎತ್ತರದಲ್ಲಿ ಕೂರಲು ಎಡೆ ಮಾಡಿ, ಗದರಬೇಡಿ, ದಿನವೂ ಆಡಿಸಿ. ಮೂತ್ರದ ತೊಂದರೆ ಇಳಿಯಿತು. ಜೊತೆಗೆ ಭಯ ಮತ್ತು ಗಾಬರಿಯೂ ಇಳಿದವು. ನಡತೆ, ಕಾಯಿಲೆ ಎಂದು ಎರಡು ಡಬ್ಬಿಯಲ್ಲಿ ಹಾಕಿಟ್ಟದ್ದು ಒಂದೇ ಸರಕು ಎಂದಾಯಿತು.

ಬೇರೆ ಬೇರೆ ಊರುಗಳಲ್ಲಿ ಬೇರೆಯವರೂ ಇದೇ ಗೋಡೆಯನ್ನು ತಟ್ಟುತ್ತಿದ್ದರು. ಸ್ವಿಟ್ಜರ್‌ಲೆಂಡಿನಲ್ಲಿ ಮೋನಿಕಾ ಕೆಸ್ಲರ್ ಮತ್ತು ಡೆನ್ನಿಸ್ ಟರ್ನರ್ 1997ರಲ್ಲಿ ಬೆಕ್ಕಿನ ಒತ್ತಡ ಅಳೆಯಲು 7 ಮೆಟ್ಟಿಲಿನ ಒಂದು ಮಾಪಕ ಪ್ರಕಟಿಸಿದರು. ರಕ್ತ ತೆಗೆಯಬೇಕಿಲ್ಲ, ಮುಟ್ಟಬೇಕಿಲ್ಲ. ಹೊಟ್ಟೆ ನೆಲಕ್ಕೆ ಒತ್ತಿದೆಯೇ, ಕಿವಿ ಹಿಂದಕ್ಕೆ ಅಂಟಿದೆಯೇ, ಕಣ್ಣಪಾಪೆ ಎಷ್ಟು ಅಗಲ, ಉಸಿರು ಎಷ್ಟು ಬೇಗ ಎಂದು ನೋಡಿದರಾಯಿತು. ತಾತ್ಕಾಲಿಕವಾಗಿ ಬೆಕ್ಕುಗಳನ್ನು ನೋಡಿಕೊಳ್ಳುವ ಮನೆಯಲ್ಲಿ 140 ಬೆಕ್ಕುಗಳನ್ನು ಎರಡು ವಾರ ಹೀಗೆ ನೋಡಿದರು. ಹೆಚ್ಚಿನವು ದಿನದಿಂದ ದಿನಕ್ಕೆ ಸಡಿಲಗೊಂಡವು. ಕೆಲವೇ ಕೆಲವು ಎರಡು ವಾರ ಕಳೆದರೂ ಬಿಗಿಯಾಗಿಯೇ ಇದ್ದವು.

ನೆದರ್‌ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಕ್ಲಾಡಿಯಾ ವಿಂಕೆ ಮತ್ತು ಸಂಗಡಿಗರು ಅದೇ ಮಾಪಕ ಹಿಡಿದು ಒಂದು ಆಶ್ರಯ ಕೇಂದ್ರಕ್ಕೆ ಹೋದರು. ಹೊಸದಾಗಿ ಬಂದ 19 ಬೆಕ್ಕುಗಳು. 10ಕ್ಕೆ ಅಡಗಲು ಒಂದು ಪೆಟ್ಟಿಗೆ ಕೊಟ್ಟರು, 9ಕ್ಕೆ ಕೊಡಲಿಲ್ಲ. ಉಳಿದೆಲ್ಲ ಒಂದೇ. ಪೆಟ್ಟಿಗೆ ಸಿಕ್ಕವು ಮೂರನೆಯ, ನಾಲ್ಕನೆಯ ದಿನಕ್ಕಾಗಲೇ ಸ್ಪಷ್ಟವಾಗಿ ಸಮಾಧಾನ ಕಂಡವು, ಸಿಗದವು ಇನ್ನೂ ಬಿಗಿಯಾಗಿಯೇ ಇದ್ದವು. 2014ರಲ್ಲಿ ಇದು ಅಚ್ಚಾಯಿತು. ಕಾಸಿನ ಖರ್ಚಿಲ್ಲದ ಚಿಕಿತ್ಸೆ. ಅಡಗುವುದೇ ಬೆಕ್ಕಿನ ಕಾಯಿಲೆ ಎಂದು ನಾನು ದಿವಾನದ ಕೆಳಗೆ ಪೊರಕೆ ಹಾಕಿ ಕರಿಯನನ್ನು ಹೊರಗೆಳೆದಿದ್ದೆ. ಅಡಗುವುದು ಅವನಿಗೆ ಗೊತ್ತಿದ್ದ ಒಂದೇ ಮದ್ದು, ಅದನ್ನೇ ಅವನ ಕೈಯಿಂದ ಕಿತ್ತುಕೊಂಡಿದ್ದೆ. ಆ ಪೊರಕೆಯ ನೆನಪು ನನಗೆ ಈಗಲೂ ನೋವು ಕೊಡುತ್ತದೆ.

ಹಾಗೆಂದು ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆ ಸರಿಪಡಿಸುತ್ತದೆ ಎಂದು ಹೇಳಿದರೆ ಓದುವವರಿಗೆ ಮೋಸ ಮಾಡಿದಂತೆ. ಹುಟ್ಟುಗುಣದ ಗಾದೆ ಪೂರ್ತಿ ಸುಳ್ಳಲ್ಲ. 1980ರ ದಶಕದಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಕೈಗೆತ್ತಿಕೊಂಡು ಸವರಿ ನೋಡಿದರು. ಎರಡರಿಂದ ಏಳನೇ ವಾರದ ನಡುವೆ ಮನುಷ್ಯರ ಕೈಯ ಪರಿಚಯವಾದ ಮರಿಗಳು ಜೀವನಪೂರ್ತಿ ಮನುಷ್ಯರನ್ನು ನಂಬುವುದು ಸುಲಭ. ಆ ಕಿಂಡಿ ಮುಚ್ಚಿದ ಮೇಲೆ ಅದೇ ನಂಬಿಕೆಗೆ ಬಹಳ ಶ್ರಮ ಬೇಕು. ದಿನಕ್ಕೆ 15 ನಿಮಿಷ ಸವರಿದ ಮರಿಗಿಂತ 40 ನಿಮಿಷ ಸವರಿದ ಮರಿ ಹೆಚ್ಚು ಹಚ್ಚಿಕೊಂಡಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆದ ಅಧ್ಯಯನಗಳಲ್ಲಿ ಇನ್ನೊಂದು ಎಳೆ ಸಿಕ್ಕಿತು. ಮರಿ ತನ್ನ ಅಪ್ಪನನ್ನು ಕಣ್ಣಿಂದಲೂ ನೋಡಿರದಿದ್ದರೂ ಅಪ್ಪನ ಧೈರ್ಯವೋ ಅಂಜಿಕೆಯೋ ಅದಕ್ಕೆ ಬಂದಿರುತ್ತದೆ. ಸಾಂಡ್ರಾ ಮೆಕ್ಯೂನ್ 1995ರಲ್ಲಿ ಇದನ್ನು ಇನ್ನಷ್ಟು ಬಿಡಿಸಿ ತೋರಿಸಿದರು. ಅಪ್ಪನಿಂದ ಬರುವುದು ಮನುಷ್ಯಪ್ರೀತಿ ಅನ್ನುವುದಕ್ಕಿಂತ ಹೊಸದಕ್ಕೆ ಹೆದರದ ಗುಂಡಿಗೆ. ಮರಿಯಾಗಿದ್ದಾಗಿನ ಒಡನಾಟ ಕಲಿಸುವುದು ಮನುಷ್ಯರನ್ನು.

ಹೀಗಾಗಿ ಮೂರು ವರ್ಷದ ಬೆಕ್ಕನ್ನು ಮನೆಗೆ ತಂದಾಗ ಎರಡು ಸಂಗತಿ ನಮ್ಮ ಕೈಮೀರಿ ಹೋಗಿರುತ್ತವೆ: ಅದರ ಅಪ್ಪ, ಅದರ ಏಳನೇ ವಾರ. ಉಳಿದದ್ದು ಮನೆ, ಹೊತ್ತು, ಕೈ. ಈ ಮೂರರಲ್ಲೇ ಎಷ್ಟೊಂದು ಆಗುತ್ತದೆ ಎಂಬುದೇ ಒಹಾಯೋದ ಲೆಕ್ಕ ಹೇಳುವುದು.

ಕೈಯ ವಿಷಯಕ್ಕೂ ಒಂದು ಸರಳ ಅಧ್ಯಯನವಿದೆ. ಲಂಡನ್ನಿನ ಬ್ಯಾಟರ್‌ಸೀ ಆಶ್ರಯ ಕೇಂದ್ರದಲ್ಲಿ 100 ಬೆಕ್ಕು, 120 ಜನರನ್ನಿಟ್ಟುಕೊಂಡು ಲಾರೆನ್ ಫಿಂಕಾ ಮತ್ತು ಸಂಗಡಿಗರು ಮಾಡಿದ್ದು, 2021ರಲ್ಲಿ ಪ್ರಕಟವಾದದ್ದು. ಜನರಿಗೆ ಹೇಳಿಕೊಟ್ಟದ್ದು ಇಷ್ಟೇ: ಬೆಕ್ಕಿನ ಬಳಿಗೆ ನೀವು ಹೋಗಬೇಡಿ, ಕೈ ಚಾಚಿ ಕಾಯಿರಿ. ಬಂದರೆ ಕಿವಿಯ ಬುಡ, ಕೆನ್ನೆ, ಗಲ್ಲದ ಕೆಳಗೆ ಸವರಿ. ಹೊಟ್ಟೆ, ಬಾಲದ ಬುಡ ಬೇಡ. ನಡುನಡುವೆ ಕೈ ತೆಗೆದು, ಇನ್ನೂ ಬೇಕೇ ಎಂದು ಅದರ ಮೈಯನ್ನೇ ಕೇಳಿ. ಹೀಗೆ ಕಲಿತವರ ಬಳಿ ಅವೇ ಬೆಕ್ಕುಗಳು ಹೆಚ್ಚು ಹತ್ತಿರವಾದವು, ಕಡಿಮೆ ಕಚ್ಚಿದವು. ಕಣ್ಣ ಮಾತೂ ಒಂದಿದೆ. ಕಣ್ಣನ್ನು ಅರ್ಧ ಕಿರಿದಾಗಿಸಿ ನಿಧಾನ ಮುಚ್ಚಿ ತೆರೆದರೆ ಬೆಕ್ಕು ಅದನ್ನು ಸ್ನೇಹವೆಂದು ಓದುತ್ತದೆ, ಅಪರಿಚಿತರ ಕೈಯ ಬಳಿಗೂ ಬರುತ್ತದೆ ಎಂದು ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದರು. ಬೆಕ್ಕು ಕಣ್ಣು ಮುಚ್ಚುವುದನ್ನು ನಾವು ಕದ್ದು ಹಾಲು ಕುಡಿಯುವುದಕ್ಕೇ ಗಂಟು ಹಾಕಿ ಗಾದೆ ಮಾಡಿಕೊಂಡಿದ್ದೇವೆ.

ನಮ್ಮ ಮನೆಗೆ ಮರಳುತ್ತೇನೆ. ಮಾವಿನಹಣ್ಣು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕೊಯ್ದು ಬಾಗಿಲು ಮಾಡಿ ದಿವಾನದ ಪಕ್ಕಕ್ಕಿಟ್ಟೆವು. ವಾಷಿಂಗ್ ಮಷೀನಿನ ಪಕ್ಕದಲ್ಲಿದ್ದ ತಟ್ಟೆಯನ್ನು ಅಲ್ಲಿಂದ ತೆಗೆದು ಒಳಕೋಣೆಯ ಮೂಲೆಗೆ ಒಯ್ದೆವು. ಇನ್ನೊಂದನ್ನು ತಂದು ಬಾಲ್ಕನಿಯಲ್ಲಿಟ್ಟೆವು. ಬೆಕ್ಕೆಷ್ಟೋ ಅದಕ್ಕಿಂತ ಒಂದು ತಟ್ಟೆ ಹೆಚ್ಚಿರಲಿ ಎಂಬುದು ಪಶುವೈದ್ಯರ ಸಾಮಾನ್ಯ ಲೆಕ್ಕ. ಯಾರೂ ಅವನನ್ನು ಕರೆಯಲಿಲ್ಲ, ಎಳೆಯಲಿಲ್ಲ. ಊಟ ಹಾಕುವ ಹೊಣೆ ಅಮ್ಮನದಾಯಿತು, ಏಕೆಂದರೆ ನಮ್ಮ ಮನೆಯಲ್ಲಿ ಗಡಿಯಾರದ ಹಾಗೆ ಬದುಕುವವರು ಅವರೊಬ್ಬರೇ. ಬೆಳಗ್ಗೆ ಐದೂವರೆಗೆ ಏಳುತ್ತಾರೆ, ಒಲೆ ಹಚ್ಚುತ್ತಾರೆ, ಕಾಫಿಗಿಟ್ಟು ಕೆಳಗೆ ಮಣೆ ಹಾಕಿಕೊಂಡು ತರಕಾರಿ ಹೆಚ್ಚಲು ಕೂರುತ್ತಾರೆ. ಆ ಹೊತ್ತಿಗೇ ಕರಿಯನ ಬಟ್ಟಲು ತುಂಬತೊಡಗಿತು. ಆರನೆಯ ವಾರದ ಒಂದು ಬೆಳಗ್ಗೆ ಅವನು ಅಡುಗೆಮನೆಯ ಹೊಸ್ತಿಲವರೆಗೆ ಬಂದು ಕೂತ. ಒಂಬತ್ತನೆಯ ವಾರದಲ್ಲಿ ಅಮ್ಮನ ಮಣೆಗೆ ಕೆನ್ನೆ ಉಜ್ಜಿದ. ಅಮ್ಮ ಅವನ ಕಡೆ ತಿರುಗಲೂ ಇಲ್ಲ, ಈಳಿಗೆಯ ಮೇಲೆ ಬೀನ್ಸ್ ಹೆಚ್ಚುತ್ತಾ, ‘ಬಂದ್ಯಾ’ ಎಂದರು ಅಷ್ಟೇ.

ಉಚ್ಚೆ ತಟ್ಟೆಯೊಳಗೆ ಬಂದು ಎರಡು ತಿಂಗಳಾದ ಮೇಲೆ ಅಮ್ಮ ತವರೂರಿನ ಜಾತ್ರೆಗೆಂದು ಎಂಟು ದಿನ ಹೋದರು. ನಾನು ಬೆಳಗ್ಗೆ ಏಳೂವರೆಗೋ ಎಂಟಕ್ಕೋ ಊಟ ಹಾಕಿದೆ. ಮೂರನೆಯ ದಿನ ವಾಂತಿ, ನಾಲ್ಕನೆಯ ದಿನ ಊಟ ಬಿಟ್ಟ, ಐದನೆಯ ದಿನ ಕಾಲೊರಸು ಒದ್ದೆ. ಒಹಾಯೋದ ಕೋಷ್ಟಕ ನನ್ನ ಅಡುಗೆಮನೆಯ ನೆಲದ ಮೇಲೆ ಬಿದ್ದಿತ್ತು. ನಾನು ಐದೂವರೆಗೆ ಅಲಾರಾಂ ಇಟ್ಟು ಎದ್ದು, ಒಲೆ ಹಚ್ಚಿ, ಅಮ್ಮನ ಮಣೆಯ ಮೇಲೆ ಕೂತೆ. ಎರಡು ದಿನಕ್ಕೆ ಊಟ ಶುರು ಮಾಡಿದ. ಅಮ್ಮ ಬಂದ ಮೇಲೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡದೆ, ಆಮೇಲೆ, ‘ಪಾಪ, ಬೇಕಂತ ಮಾಡಿದ್ದಲ್ಲ ಹಂಗಾದ್ರೆ’ ಎಂದರು.

ಕರಿಯ ಬಂದು ಈಗ ಎರಡು ವರ್ಷ ನಾಲ್ಕು ತಿಂಗಳು. ಎತ್ತಿಕೊಳ್ಳಲು ಇವತ್ತಿಗೂ ಬಿಡುವುದಿಲ್ಲ, ನೆಂಟರು ಬಂದರೆ ಪೆಟ್ಟಿಗೆ ಸೇರುತ್ತಾನೆ. ರಟ್ಟಿನ ಪೆಟ್ಟಿಗೆ ಇದು ನಾಲ್ಕನೆಯದು. ನೀವು ಬೆಕ್ಕು ತರಲು ಆಶ್ರಯ ಕೇಂದ್ರಕ್ಕೆ ಹೋದರೆ, ಮುಂದೆ ಬಂದು ಕೈ ನೆಕ್ಕುವ ಮರಿಗಳನ್ನು ನೋಡಿದ ಮೇಲೆ, ಹಿಂದಿನ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂತದ್ದರ ಮುಂದೆಯೂ ಒಂದು ಗಳಿಗೆ ನಿಲ್ಲಿ. ಅದು ಅಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿ.